ಕಲ್ಲಿದ್ದಲ ಕಾಲದ ಹಳಿ

ಬೆಳಗ್ಗೆ ಎದ್ದು ಹಿಂದಿನ ಕೋಣೆಗೆ ಹೋದ ದರ್ಜಿ ಎರಡೆರಡು ಸಲ ಕಣ್ಣುಜ್ಜಿಕೊಂಡ. ಹಳಿ ಫಳಫಳ ಹೊಳೆಯುತ್ತಿತ್ತು.

ಮೇಜಿನ ಮೇಲಿನ ಆ ಪುಟ್ಟ ರೈಲುಹಾದಿ ಕಲ್ಲಿದ್ದಲ ಎಂಜಿನ್ನಿನ ಕಾಲದ್ದೆಂದು ಕಾಣಲಿ ಅಂತ ಮೂರು ತಿಂಗಳು ಕೂತು ತುಕ್ಕಿನ ಬಣ್ಣ, ಎಣ್ಣೆ ಜಿಡ್ಡು, ಮಸಿ ಹಚ್ಚಿದ್ದ. ಸಂಜೆ ಮಾದರಿ ರೈಲು ಸಂಘದ ತೀರ್ಪುಗಾರರು ಮನೆಗೇ ಬರುವವರಿದ್ದರು. "ಹಳಿ ನಿನ್ನೆ ಅಂಗಡಿಯಿಂದ ತಂದ ಹಾಗಿದೆ" ಎಂದು ಪ್ರತಿ ವರ್ಷ ನಗುವವರ ಬಾಯಿ ಈ ಸಲ ಮುಚ್ಚಿಸಬೇಕಿತ್ತು.

"ಏನು ಭಾವ, ಇಷ್ಟು ತುಕ್ಕು ಹಿಡಿಸಿದ್ದೀರಿ? ಉಪ್ಪುಕಾಗದ ಹಾಕಿ ಉಜ್ಜಿದೆ. ಈಗ ಮುಖ ನೋಡ್ಕೋಬಹುದು," ಅಂದ ಪಾತ್ರೆ ಅಂಗಡಿಯ ಭಾಮೈದ. ನೆಂಟರ ಮನೆಗೆ ಬಂದವನು ಕೊಟ್ಟ ಕಾಫಿ ಕುಡಿದು ಸುಮ್ಮನಿರಬಾರದೆ?

"ಅದು ತುಕ್ಕಲ್ಲ ಕಣಯ್ಯ, ಬಣ್ಣ. ಉಜ್ಜು ಅಂತ ನಿನಗೆ ಯಾರು ಹೇಳಿದ್ರು?"

"ಹೇಳ್ಬೇಕಾ? ಕಣ್ಣಿಗೆ ಕಾಣಲ್ವಾ?"

"ಒಳ್ಳೇದು ಮಾಡೋಕೆ ಹೋದವನ ಮೇಲೆ ಯಾಕ್ರೀ ಹಾರಾಡ್ತೀರಿ?" ಎಂದು ಹೆಂಡತಿ ತಮ್ಮನ ಪಕ್ಷ ವಹಿಸಿದಳು. ದರ್ಜಿಗೆ ಮೈಯೆಲ್ಲ ಉರಿಯಿತು. ಇವನೇನಾದರೂ ಅವನ ಅಂಗಡಿಗೆ ಹೋಗಿ ಪಾತ್ರೆಗೆ ಮಸಿ ಬಳಿದಿದ್ದನೇ?

ಹೊಲಿಗೆ ಬಿಟ್ಟು ಕುಂಚ ಹಿಡಿದ. ಬಣ್ಣ ಮುಗಿದಾಗ ಇಟ್ಟಿಗೆ ಪುಡಿಯನ್ನು ಚಹಾದ ಡಿಕಾಕ್ಷನ್ನಿನಲ್ಲಿ ಕಲಸಿದ. ಒಲೆಯ ಮಸಿಗೆಂದು ಎದುರಿನ ಬೇಕರಿಗೆ ಹೋದರೆ ಬೇಕರಿಯವನೂ ಬೆನ್ನಿಗೇ ಬಂದ. "ಇಷ್ಟೇನಾ ಹಳೇದು? ಇನ್ನೂ ಬಳೀರಿ," ಎಂದು ತಲೆ ತಿನ್ನತೊಡಗಿದ. ಆ ಸಿಟ್ಟಿಗೆ ದರ್ಜಿ ಬಳಿದದ್ದೇ ಬಳಿದದ್ದು. ಹಳಿಯಡಿಯ ಮರದ ತುಂಡುಗಳನ್ನು ಸೂಜಿಯಿಂದ ಕೆರೆದು ಗೆದ್ದಲು ತಿಂದಂತೆ ಮಾಡಿದ. ನಾಲ್ಕಾರು ಮೊಳೆಗಳನ್ನು ಎದ್ದು ನಿಂತಂತೆ ಕೂರಿಸಿದ.

ಸಂಜೆ ತೀರ್ಪುಗಾರರು ಬಂದರು. ಮೂವತ್ತೈದು ವರ್ಷ ರೈಲ್ವೆಯಲ್ಲಿ ಹಳಿ ತಪಾಸಣೆ ಮಾಡಿ ನಿವೃತ್ತರಾದವರು. ಭೂತಗನ್ನಡಿ ಹಿಡಿದು ಬಗ್ಗಿದವರು ಬಹಳ ಹೊತ್ತು ಏಳಲೇ ಇಲ್ಲ.

"ನಾನು ಕೆಲಸಕ್ಕೆ ಸೇರಿದಾಗ ಥೇಟ್ ಹೀಗೇ ಇತ್ತು," ಅಂದರು.

ದರ್ಜಿ ಹಿಗ್ಗಿ ಹೀರೇಕಾಯಿಯಾದ. ರೈಲು ಒಂದು ಸುತ್ತು ಓಡಬೇಕು ಅನ್ನುವುದು ಸ್ಪರ್ಧೆಯ ನಿಯಮ. ಅಷ್ಟಾದರೆ ಬಹುಮಾನ ಇವನದೇ. ಸ್ವಿಚ್ಚಿಗೆ ಕೈ ಹಾಕಿದ.

"ಕೈ ತೆಗೀರಿ," ಅಂದರು ತೀರ್ಪುಗಾರರು. "ಮರ ಕೊಳೆತಿದೆ, ಮೊಳೆ ಎದ್ದಿದೆ. ಇಂಥ ಹಳಿ ಮೇಲೆ ಗಾಡಿ ಬಿಡೋಕೆ ನನ್ನ ಸರ್ವೀಸಿನಲ್ಲೇ ಒಪ್ಪಿಲ್ಲ."

"ಸ್ವಾಮಿ, ಅದೆಲ್ಲ ಬರೀ ಬಣ್ಣ, ಚಹಾ, ಇಟ್ಟಿಗೆ ಪುಡಿ. ಒಳಗೆ ಹಳಿ ಗಟ್ಟಿಯಾಗೇ ಇದೆ."

"ಹೀಗೆ ಹೇಳಿದವರನ್ನ ಬೇಕಾದಷ್ಟು ನೋಡಿದ್ದೀನಿ."

ಅವರು ಅಂಕದ ಹಾಳೆ ಮಗುಚಿ, 'ದುರಸ್ತಿಯಾಗುವ ತನಕ ಸಂಚಾರ ನಿಲ್ಲಿಸಲಾಗಿದೆ' ಎಂದು ಬರೆದು ಪೆನ್ನು ಚಾಚಿದರು.

"ಹಳಿ ಈ ಗತಿಗೆ ಬರೋಕೆ ಹೊಣೆ ಯಾರು? ಅವರು ಇಲ್ಲಿ ಸಹಿ ಹಾಕ್ಬೇಕು."

ದರ್ಜಿ ಹಲ್ಲು ಕಡಿಯುತ್ತ ಸಹಿ ಹಾಕಿದ.