ಯಜಮಾನರ ಎಡಗೈಗೆ ಕಾವಲು

ಮನೆಯಲ್ಲಿ ಒಬ್ಬರ ಕಿಡ್ನಿ ಕೆಟ್ಟರೆ ಊರವರೆಲ್ಲ ಡಾಕ್ಟರಾಗುತ್ತಾರೆ. ಕಾಯಿಲೆಯವರು ಮಾತ್ರ ಡಾಕ್ಟರು ಹೇಳಿದ್ದೊಂದನ್ನು ಬಿಟ್ಟು ಮಿಕ್ಕವರೆಲ್ಲ ಹೇಳಿದ್ದನ್ನು ಕೇಳುತ್ತಾರೆ. ಎರಡು ಸಾವಿರದ ಇಸವಿ ದಾಟಿದ ಹೊಸತು, ನಮ್ಮ ಯಜಮಾನರಿಗೆ ವಾರಕ್ಕೆರಡು ಸಲ ಮೈಸೂರಿನಲ್ಲಿ ಡಯಾಲಿಸಿಸ್. ಬೆಳಿಗ್ಗೆ ಬಿಳಿಕೆರೆಯಲ್ಲಿ ಬಸ್ಸು ಹತ್ತಿದರೆ, ರಕ್ತ ತೊಳೆಸಿಕೊಂಡು ಬರುವಷ್ಟರಲ್ಲಿ ಸಂಜೆ. ನನ್ನದೊಂದು ಕಿಡ್ನಿ ಅವರಿಗೆ ಹೊಂದುತ್ತದೆಯೇ ಎಂದು ಪರೀಕ್ಷೆಗಳು ನಡೆಯುತ್ತಿದ್ದವು. ಅಲ್ಲಿಯವರೆಗೆ ಅವರನ್ನು ಉಳಿಸಿಕೊಳ್ಳುವುದು ನನ್ನ ಕೆಲಸ. ಅಯ್ಯೋ, ಆ ಕೆಲಸ ನನ್ನ ಶತ್ರುವಿಗೂ ಬೇಡ.

ಮಜ್ಜಿಗೆ

ದಿನಕ್ಕೆ ಮೂರು ಲೋಟ ನೀರು, ಅಷ್ಟೇ ಎಂದಿದ್ದರು ಡಾಕ್ಟರು. ಹೆಚ್ಚು ಕುಡಿದರೆ ಅದು ಮೈಯಲ್ಲೇ ನಿಂತು ಉಸಿರು ಕಟ್ಟುತ್ತದೆ. ನಾನು ಅಳೆದು ಚೊಂಬಿನಲ್ಲಿ ಇಡುತ್ತಿದ್ದೆ. ಆದರೂ ಆಸ್ಪತ್ರೆಯಲ್ಲಿ ಪ್ರತಿ ಸಲ ತೂಕ ನೋಡಿದಾಗ ನಾಲ್ಕು ಕೆಜಿ ಜಾಸ್ತಿ. ನರ್ಸಮ್ಮ ಬೈಯುತ್ತಿದ್ದುದು ಅವರನ್ನಲ್ಲ, ನನ್ನನ್ನು!

ಒಂದು ದಿನ ಊರೊಳಗೆ ಅವರ ಹಿಂದೆಯೇ ಹೋದೆ. ನಾಲ್ಕು ಮನೆ ಜಗಲಿ, ನಾಲ್ಕು ಲೋಟ ಮಜ್ಜಿಗೆ.

"ನೀರು ಕುಡೀಬ್ಯಾಡಿ ಅಂತ ಎಷ್ಟು ಸಲ ಬಡ್ಕಳ್ಳದು?" ಎಂದೆ.

"ನೀರು ಯಾರಮ್ಮಿ ಕುಡುದ್ರು? ಮಜ್ಜಿಗೆ ಬ್ಯಾಡ ಅಂತ ಡಾಕುಟ್ರು ಹೇಳವ್ರಾ?"

ಮುಂದಿನ ಸಲ ಡಾಕ್ಟರ ಬಾಯಲ್ಲೇ ಹೇಳಿಸಿದೆ: ಆ ಮೂರು ಲೋಟ ನೀರು ಬಿಟ್ಟು ಮಜ್ಜಿಗೆ, ಕಾಫಿ, ಎಳನೀರು, ಏನನ್ನೂ ಕುಡಿಯುವಂತಿಲ್ಲ. ಇವರು ವಿಧೇಯ ವಿದ್ಯಾರ್ಥಿಯಂತೆ ತಲೆಯಾಡಿಸಿದರು. ವಾಪಸ್ಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ನೋಡಿದರೆ ಎರಡೂ ಕೈಯಲ್ಲಿ ಕಲ್ಲಂಗಡಿ ಹೋಳು.

"ಕುಡಿಯಾದ್ ಬ್ಯಾಡ ಅಂದವ್ರೆ ಕಣಮ್ಮಿ. ಇದು ತಿನ್ನಾದಲ್ವಾ?"

ತುರಿಕೆ

ಕಿಡ್ನಿ ಕೆಟ್ಟದ್ದಕ್ಕೆ ಮೈಯೆಲ್ಲ ಒಣಗಿ ತುರಿಕೆ ಬೇರೆ. ಕೆರೆದರೆ ಗಾಯವಾಗುತ್ತದೆ, ಗಾಯವಾದರೆ ಬೇಗ ಮಾಯುವುದಿಲ್ಲ. ಮುಲಾಮು ಹಚ್ಚಿ, ಉಗುರು ಕತ್ತರಿಸಿ, ಕೈ ಹಿಡಿದುಕೊಂಡು ಕೂರುತ್ತಿದ್ದೆ. ಅವರ ಸಂಕಟ ನೋಡಿ ಅಳುವೂ ಬರುತ್ತಿತ್ತು.

ಒಂದು ಮಧ್ಯಾಹ್ನ ಹಿತ್ತಿಲಿಗೆ ಹೋದೆ. ತೆಂಗಿನ ಮರದ ಈ ಕಡೆ ನಮ್ಮ ಎಮ್ಮೆ ಬೆನ್ನು ಉಜ್ಜಿಕೊಳ್ಳುತ್ತಿತ್ತು. ಆ ಕಡೆ ಯಜಮಾನರು. ಕೋಲು ಎತ್ತಿ ಇಬ್ಬರಿಗೂ ಸೇರಿಸಿಯೇ ಗದರಿದೆ.

ಎಮ್ಮೆ ಮರ್ಯಾದೆಯಾಗಿ ಆಚೆ ಹೋಯಿತು. ಇವರು ಅದು ಬಿಟ್ಟ ಜಾಗಕ್ಕೆ ಸರಿದುಕೊಂಡರು.

ದಾರ

ಡಯಾಲಿಸಿಸ್ ಸೂಜಿ ಹಾಕಲೆಂದು ಅವರ ಎಡಗೈಯಲ್ಲಿ ಎರಡು ರಕ್ತನಾಳ ಕೂಡಿಸಿ ಹೊಲಿದಿದ್ದರು. ರಕ್ತ ಜೋರಾಗಿ ಹರಿದು ಅಲ್ಲಿ ಜುಂಯ್ ಎನ್ನುತ್ತಿತ್ತು, ಮುಟ್ಟಿದರೆ ಅದುರುತ್ತಿತ್ತು. "ಸದ್ದು ನಿಂತರೆ ದಾರಿ ಮುಚ್ಚಿತು ಅಂತ ತಿಳ್ಕೊಳಿ. ಆ ಕೈಗೆ ವಾಚನ್ನೂ ಕಟ್ಟಬೇಡಿ" ಎಂದಿದ್ದರು ಡಾಕ್ಟರು. ಬಲಗೈಯಲ್ಲಿ ಮಾಡಿದ್ದು ಆಗಲೇ ಮುಚ್ಚಿಹೋಗಿತ್ತು. ಇನ್ನು ಉಳಿದಿದ್ದು ಇದೊಂದೇ. ದಿನಕ್ಕೆ ಹತ್ತು ಸಲ ಆ ಕೈಗೆ ಕಿವಿ ಇಡುತ್ತಿದ್ದೆ. ಜುಂಯ್ ಎಂದರೆ ಮಾತ್ರ ನನಗೆ ತುತ್ತು ಇಳಿಯುತ್ತಿತ್ತು.

ಸರಗೂರಿಗೆ ಕೊಟ್ಟಿದ್ದ ಅವರ ಅಕ್ಕ ನೋಡಲು ಬಂದರು. ತಮ್ಮನ ಕೈ ಮುಟ್ಟಿದವರೇ ಬೆಚ್ಚಿಬಿದ್ದರು.

"ಒಳಗೆ ಏನೋ ಸೇರ್ಕಂಡದೆ ಕಣವ್ವ!"

ಅದು ರಕ್ತ ಹರಿಯುವ ಸದ್ದು, ನಿಲ್ಲಬಾರದು ಎಂದು ಮೂರು ಸಲ ಬಿಡಿಸಿ ಹೇಳಿದೆ. ಮೂರು ಸಲವೂ "ಊಂ ಕಣವ್ವ" ಎಂದರು. ಊಂ ಎಂದವರನ್ನು ನಂಬಿ ನಾನು ನೀರಿಗೆ ಹೋದದ್ದೇ ತಪ್ಪು. ತಿರುಗಿ ಬಂದರೆ ಯಜಮಾನರು ಜಗಲಿಯಲ್ಲಿ ನಿದ್ದೆ ಹೊಡೆಯುತ್ತಿದ್ದಾರೆ, ಪಕ್ಕದಲ್ಲಿ ಅಕ್ಕನ ಮುಖ ಇಷ್ಟಗಲ.

"ಬಾರವ್ವ, ಮುಟ್ಟಿ ನೋಡು. ನಿಂತೋಯ್ತು!"

ಓಡಿ ಹೋಗಿ ಕೈ ನೋಡಿದೆ. ಸರಿಯಾಗಿ ಆ ಜಾಗದ ಮೇಲೆಯೇ ಮಂತ್ರಿಸಿದ ಕರಿ ದಾರ, ಏಳು ಗಂಟು, ಚರ್ಮದೊಳಗೆ ಹೂತುಹೋಗುವಷ್ಟು ಬಿಗಿ.

"ಎಷ್ಟೊತ್ತಾಯ್ತು ಅತ್ಗೆ ಕಟ್ಟಿ?"

"ಈಗ ಕಣವ್ವ. ನೀನು ಅತ್ಲಾಗೆ ವೋದೆ, ನಾನು ಇತ್ಲಾಗೆ ಕಟ್ದೆ."

ಬ್ಲೇಡು ತಂದು ದಾರ ಕತ್ತರಿಸಿ ಕಿವಿ ಇಟ್ಟೆ. ಸದ್ದಿಲ್ಲ. ದೇವರೇ, ನನ್ನ ಕಿಡ್ನಿ ಇಟ್ಟುಕೊಂಡು ಇನ್ನೇನು ಮಾಡಲಿ ಎನಿಸಿತು. ಕಿವಿ ತೆಗೆಯದೆ ಹಾಗೇ ಕೂತೆ. ಕೊನೆಗೆ, ಎಲ್ಲೋ ಆಳದಿಂದ, ಸಣ್ಣಗೆ... ಜುಂಯ್!

ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟೆ. ಅತ್ತಿಗೆಯೂ ಕೈಗೆ ಕಿವಿ ಕೊಟ್ಟು ಕೇಳಿ, ಎದೆ ಎದೆ ಬಡಿದುಕೊಂಡು ನನಗಿಂತ ಜೋರಾಗಿ ಅತ್ತು ತಮ್ಮನನ್ನು ಎಬ್ಬಿಸಿದರು.

"ಏಳ್ಲಾ ತಮ್ಮ! ಬುಟ್ಟೋಗಿದ್ ದೆವ್ವನ ನಿನ್ ಎಂಡ್ರೇ ವಾಪಸ್ ಕರ್ಕಂಡ್ಳು, ಖುಸಿಗೆ ಅಳ್ತಾ ಕುಂತವ್ಳೆ ನೋಡ್ಲಾ!"