ಹನ್ನೆರಡು ವರ್ಷದ ಜಿಡ್ಡು

"ಶನಿವಾರ ಸಂಜೆ ಈ ಬೇಸ್ ಗಿಟಾರಿನಿಂದ ಬರೋದು ಅವನ ಸ್ವರವೇ! ಒಂದು ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಸಂಗೀತಕ್ಕೇ ಕೈಮುಗಿದುಬಿಡ್ತೀನಿ!"

ಪಂಡಿತ ಹೀಗೆ ಘೋಷಿಸಿದ್ದು ತೀರಿಹೋದ ಗೆಳೆಯನ ಮನೆ ಬಾಗಿಲಲ್ಲಿ ನಿಂತು, ಗೆಳೆಯನ ಹೆಂಡತಿಯ ಕೈಯಿಂದ ವಾದ್ಯದ ಪೆಟ್ಟಿಗೆ ಇಸಿದುಕೊಳ್ಳುತ್ತಾ. ಅತ್ತಿಗೆ "ಆಗಲಿ" ಅಂದರು, ಅಷ್ಟೆ. ಗೆಳೆಯ ಹೋಗಿ ಎರಡು ತಿಂಗಳಾಗಿತ್ತು. ಅವನ ನೆನಪಿಗೆಂದು ಬ್ಯಾಂಡಿನಲ್ಲಿ ಉಳಿದವರು ಶನಿವಾರ ಸೇರಿ ನುಡಿಸುವುದಿತ್ತು. ಬೇಸು ಪಂಡಿತನ ಪಾಲಿಗೆ ಬಂದಿತ್ತು.

ಪಂಡಿತ ಅನ್ನುವುದು ಬ್ಯಾಂಡಿನವರು ಇಟ್ಟ ಅಡ್ಡಹೆಸರು. ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿ, ಉಸಿರಾಟಕ್ಕೆ ಗಿಟಾರು. ಹಾಡನ್ನು ಕೊನೆಮುಟ್ಟ ನುಡಿಸಿದ್ದು ಕಡಿಮೆ, ಅದರ ಟೋನಿನ ಬಗ್ಗೆ ಮಾತಾಡಿದ್ದು ಹೆಚ್ಚು. ಟೋನು ಬದಲಿಸಲು ಕಾಲಲ್ಲಿ ಒತ್ತುವ ಪೆಡಲುಗಳೇ ಹದಿನಾಲ್ಕು. ಅವನ್ನೆಲ್ಲ ಜೋಡಿಸುವಷ್ಟರಲ್ಲಿ ಡ್ರಮ್ಮಿನವನು ಒಂದು ನಿದ್ದೆ ತೆಗೆದು ಎದ್ದಿರುತ್ತಿದ್ದ. ಗೆಳೆಯನದೋ ಒಂದು ಬೇಸು, ಒಂದು ವೈರು. ಹನ್ನೆರಡು ವರ್ಷ ತಂತಿ ಬದಲಾಯಿಸಿರಲಿಲ್ಲ. "ಅದು ಕೊಳೆಯಲ್ಲ ಕಣ್ರೋ, ಸ್ವರದ ಹೆಪ್ಪು!" ಎಂದು ಪಂಡಿತ ಪ್ರತಿ ತಾಲೀಮಿನಲ್ಲೂ ಅರ್ಧ ಗಂಟೆ ಉಪನ್ಯಾಸ ಬಿಗಿಯುತ್ತಿದ್ದ. ಗೆಳೆಯ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದ.

ಮನೆಗೆ ಬಂದು ಪೆಟ್ಟಿಗೆ ತೆರೆದು ಒಂದು ತಂತಿ ಮೀಟಿದರೆ, ಒದ್ದೆ ಗೋಣಿಚೀಲಕ್ಕೆ ಗುದ್ದಿದ ಸದ್ದು. ಹೀಗಿರಲಿಲ್ಲವಲ್ಲ! ಎರಡು ತಿಂಗಳು ಪೆಟ್ಟಿಗೆಯಲ್ಲಿ ಉಸಿರುಗಟ್ಟಿದೆ ಎಂದು ತೀರ್ಮಾನಿಸಿದ ಪಂಡಿತ, ಗಿಟಾರು ಹುಚ್ಚರ ಜಾಲತಾಣಕ್ಕೆ ಮೊರೆಹೋದ. ಯಾರೋ ಮಹಾನುಭಾವ ಬರೆದಿದ್ದ: "ಹಳೆಯ ತಂತಿಯನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿ. ಜೀವ ಮರಳುತ್ತದೆ."

ಜೀವ ಮರಳುತ್ತದೆ ಅನ್ನುವ ಮಾತು ಕಂಡಮೇಲೆ ಅವನು ಮುಂದೆ ಓದಲಿಲ್ಲ.

"ಏನ್ರೀ ಅದು, ಹಾಲಿನ ಪಾತ್ರೆಯಲ್ಲಿ?" ಹೆಂಡತಿ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಕುದಿಯುವುದೇನೇ ಕಂಡರೂ ವಿಚಾರಣೆ ಗ್ಯಾರಂಟಿ.

"ಬೇಸಿನ ತಂತಿ."

"ಉಪ್ಪು ಹಾಕಿದ್ದೀರಾ?"

"ಇದು ಗಂಭೀರವಾದ ಕೆಲಸ ಕಣೇ!"

ಅವಳ ತಾಯಿ ಇಣುಕಿ ನೋಡಿದರು. "ಮದುವೆಯಾದ ಮೇಲೆ ಅಳಿಯಂದಿರು ಒಲೆ ಹಚ್ಚಿದ್ದು ಇದೇ ಮೊದಲು. ಏನೇ ಆಗಲಿ, ಪೂರ್ತಿ ಬೇಯಲಿ ಬಿಡೇ."

ಪೂರ್ತಿಯೇ ಬೆಂದಿತು. ನೀರು ಇದ್ದಿಲಿನಷ್ಟು ಕಪ್ಪಾಯಿತು. ಪಂಡಿತ ಅದನ್ನು ಸಿಂಕಿಗೆ ಸುರಿದು, ತಂತಿಗಳನ್ನು ಹೆಂಡತಿಯ ಹೇರ್ ಡ್ರೈಯರಿನಲ್ಲಿ ಒಣಗಿಸಿ, ಬಿಗಿದು, ಕಣ್ಣುಮುಚ್ಚಿ ಮೀಟಿದ.

ಟ್ರೈಂಯ್!

ಚಮಚದ ಡಬ್ಬ ಮೆಟ್ಟಿಲಿನಿಂದ ಉರುಳಿದಂತಿತ್ತು. ಇನ್ನೊಮ್ಮೆ ಮೀಟಿದ. ಮತ್ತದೇ ಚಮಚ, ಜೊತೆಗೊಂದು ಸೌಟು!

ಪಂಡಿತ ಸಿಂಕಿನ ಕಡೆ ನೋಡಿದ. ಹೆಂಡತಿ ನಗಲು ಬಾಯಿ ತೆರೆದವಳು ಅವನ ಮುಖ ನೋಡಿ ಹತ್ತಿರ ಬಂದಳು.

"ಅವನ ಕೈಬೆವರು ಕಣೇ," ಅಂದ ಪಂಡಿತ. "ಹನ್ನೆರಡು ವರ್ಷದ್ದು. ನಾನು ಅದನ್ನು ಕುದಿಸಿ ಸಿಂಕಿಗೆ ಸುರಿದೆ."

ಅವಳೇ ಹೇಳಿದಳು, "ಜಿಡ್ಡು ತಾನೇ? ಮತ್ತೆ ಕೂರಿಸಿದರಾಯಿತು."

ಶುರುವಾಯಿತು ಜಿಡ್ಡು ಮಹಾಯಜ್ಞ! ಆಲೂಗಡ್ಡೆ ಚಿಪ್ಸಿನ ನಾಲ್ಕು ಪೊಟ್ಟಣ ತರಿಸಿ, ತಿಂದ ಕೈ ತೊಳೆಯದೆ ತಂತಿ ಉಜ್ಜಬೇಕೆಂದು ಮನೆಮಂದಿಗೆಲ್ಲ ಆಜ್ಞೆಯಾಯಿತು. ಮಗಳು ಹೋಮ್‌ವರ್ಕ್ ಬಿಟ್ಟು ಉಜ್ಜಿದಳು. ಎಲ್ಲರಿಗಿಂತ ಶ್ರದ್ಧೆಯಿಂದ ಉಜ್ಜಿದವರು ಅತ್ತೆ. ಚಿಪ್ಸು ಮುಗಿದದ್ದೂ ಅವರ ಶ್ರದ್ಧೆಯಿಂದಲೇ. ಸ್ವರ ಮಂಕಾಗಲೆಂದು ಪಂಡಿತ ಸೋಫಾದ ದಿಂಬು ಕೊಯ್ದು, ಸ್ಪಂಜಿನ ತುಂಡೊಂದನ್ನು ತಂತಿಯಡಿ ತುರುಕಿದ. ಆಮೇಲೆ ಅಂಗಡಿಯಲ್ಲಿ ಗಿರಾಕಿಗಳ ಕಣ್ಣಿಗೆ ಗಾಜು ಬದಲಿಸಿ ಬದಲಿಸಿ ಕೇಳುವಂತೆ ಎಲ್ಲರನ್ನೂ ಸಾಲಾಗಿ ಕೂರಿಸಿ ಪರೀಕ್ಷೆ ನಡೆಸಿದ.

"ಮೊದಲನೆಯದು ಚೆನ್ನಾಗಿತ್ತಾ, ಎರಡನೆಯದಾ?"

"ಎರಡೂ ಒಂದೇ," ಅಂದಳು ಹೆಂಡತಿ.

"ಸರಿಯಾಗಿ ಕೇಳು. ಮೊದಲನೆಯದಾ, ಎರಡನೆಯದಾ?"

"ಸೋಫಾ ಮೊದಲಿದ್ದದ್ದೇ ಚೆನ್ನಾಗಿತ್ತು!"

ಶನಿವಾರ ಬಂದೇಬಿಟ್ಟಿತು. ಟೈರ್ ಅಂಗಡಿಯ ಮೇಲಿನ ತಾಲೀಮಿನ ಕೋಣೆಯಲ್ಲಿ ಮೂವತ್ತು ಕುರ್ಚಿ. ಅತ್ತಿಗೆ ಮುಂದಿನ ಸಾಲಿನಲ್ಲೇ ಕೂತರು. ಪಂಡಿತ ಮೊದಲ ಹಾಡನ್ನು ಹೇಗೋ ದಾಟಿಸಿದ. ಎರಡನೆಯದು ಗೆಳೆಯನಿಗೆ ಇಷ್ಟವಾದ ಹಾಡು. ನಡುವೆ ಉಳಿದವರೆಲ್ಲ ನುಡಿಸುವುದನ್ನು ನಿಲ್ಲಿಸಿ, ಬೇಸು ಒಂದೇ ನಡೆಯಬೇಕು. ಎಲ್ಲರೂ ನಿಲ್ಲಿಸಿದರು. ಅದೇ ಗಳಿಗೆಯಲ್ಲಿ ಜಿಡ್ಡಿಗೆ ಜಾರಿದ ಸ್ಪಂಜಿನ ತುಂಡು ಪುಳಕ್ಕನೆ ಹಾರಿ ಅತ್ತಿಗೆಯ ಮಡಿಲಲ್ಲಿ ಹೋಗಿ ಬಿತ್ತು.

ಟ್ರೈಂಯ್!

ಪಂಡಿತನ ಕೈ ನಿಂತೇಹೋಯಿತು. ಡ್ರಮ್ಮಿನವನು "ಮುಂದಕ್ಕೆ ಹೋಗೋ!" ಎಂದು ಹಲ್ಲು ಕಚ್ಚಿದ. ಎಲ್ಲಿಗೆ ಹೋಗೋದು?

"ಅತ್ತಿಗೇ, ನನ್ನನ್ನು ಕ್ಷಮಿಸಬೇಡಿ," ಅಂದ ಪಂಡಿತ, ಮೈಕಿನಲ್ಲೇ. "ಅವನ ಸ್ವರ ಈ ತಂತಿಗಳಲ್ಲಿತ್ತು. ನಾನು ಅದನ್ನು ಹಾಲಿನ ಪಾತ್ರೆಯಲ್ಲಿ ಕುದಿಸಿ ಚೆಲ್ಲಿಬಿಟ್ಟೆ."

ಅತ್ತಿಗೆ ತಲೆ ತಗ್ಗಿಸಿದರು. ಭುಜ ಅಲುಗುತ್ತಿತ್ತು. ಅಯ್ಯೋ, ಇವರನ್ನು ಅಳಿಸಿಯೂ ಬಿಟ್ಟೆನಲ್ಲ ಎಂದು ಪಂಡಿತ ಕುಸಿಯುವಷ್ಟರಲ್ಲಿ ಅವರು ಮುಖ ಎತ್ತಿದರು. ನಗುತ್ತಿದ್ದರು, ಎರಡು ತಿಂಗಳಲ್ಲಿ ಮೊದಲ ಸಲ, ಕಣ್ಣಲ್ಲಿ ನೀರು ಬರುವಷ್ಟು.

"ಯಾವುದು, ಆ ಗೋಣಿಚೀಲದ ಸದ್ದಾ? ಅದು ಅವರಿಗೇ ಸೇರ್ತಿರಲಿಲ್ಲ! ಪ್ರತಿ ಹುಟ್ಟುಹಬ್ಬಕ್ಕೂ ನಾನು ಹೊಸ ತಂತಿ ತಂದುಕೊಡ್ತಿದ್ದೆ. ಹನ್ನೆರಡು ಪೊಟ್ಟಣ ಬೀರುವಿನಲ್ಲಿ ಹಾಗೇ ಇವೆ."

"ಮತ್ತೆ ಒಂದನ್ನೂ ಯಾಕೆ ಹಾಕಲಿಲ್ಲ?"

ಅತ್ತಿಗೆ ಒಂದು ಕ್ಷಣ ಸಂಕೋಚಪಟ್ಟರು.

"ನಾನೂ ಕೇಳ್ತಿದ್ದೆ. 'ಹಾಕಿಬಿಟ್ಟರೆ ಪಂಡಿತನಿಗೆ ಉಪನ್ಯಾಸಕ್ಕೆ ಏನು ಉಳಿಯುತ್ತೆ ಕಣೇ, ಪಾಪ! ಗಿಟಾರಂತೂ ಅವನಿಗೆ ಬರಲ್ಲ' ಅಂತಿದ್ರು."