ನಿಲ್ಲಬಾರದ ಯೀಸ್ಟು ನಿಂತಾಗ

ಬೆಳಿಗ್ಗೆ ಹನ್ನೊಂದಕ್ಕೆ ಸೂಕ್ಷ್ಮದರ್ಶಕದೊಳಗೆ ಇಣುಕಿದ ಹುಳಿರಾಯನಿಗೆ, ನಿಲ್ಲಬಾರದ ಯೀಸ್ಟು ನಿಂತಿರುವುದು ಕಂಡಿತು. ವರ್ಷಗಟ್ಟಲೆ ಯೀಸ್ಟು ಬೆಳೆಸಿ ಅಂಗಿಗೆಲ್ಲ ಅದೇ ವಾಸನೆ ಹತ್ತಿದ್ದರಿಂದ ಪ್ರಯೋಗಾಲಯದವರು ಈ ಸಂಶೋಧನಾ ವಿದ್ಯಾರ್ಥಿಗೆ ಇಟ್ಟ ಹೆಸರದು.

ಅವನ ಕೆಲಸ ಇಷ್ಟೆ. ಅತಿನೇರಳೆ ಬೆಳಕು ಬಿಟ್ಟು ಯೀಸ್ಟು ಕೋಶಗಳ ಡಿಎನ್‌ಎ ಕೆಡಿಸುವುದು. ಆರೋಗ್ಯವಂತ ಕೋಶ ಪೆಟ್ಟು ಬಿದ್ದದ್ದನ್ನು ಗುರುತಿಸಿ, ವಿಭಜನೆಯನ್ನು ಅರ್ಧಕ್ಕೇ ತಡೆದು, ರಿಪೇರಿ ಮುಗಿಸಿ ಮುಂದೆ ಹೋಗುತ್ತದೆ. ತಡೆಯುವ ಜೀನನ್ನು ಕಿತ್ತ ಕೋಶವೋ, ಹೊರಟ ಬಸ್ಸಿನ ಹಿಂದೆ ಚಪ್ಪಲಿ ಬಿಟ್ಟು ಓಡುವವನಂತೆ ಒಡೆಯುತ್ತಲೇ ಹೋಗಿ ಸಾಯುತ್ತದೆ. ಈ ವ್ಯತ್ಯಾಸವನ್ನು ಒಮ್ಮೆ ತೋರಿಸಿದರೆ ಪ್ರಬಂಧ ಮುಗಿದಂತೆ. ಒಪ್ಪಿಸಲು ಹತ್ತೇ ದಿನ ಉಳಿದಿತ್ತು.

ಇವತ್ತು ನೋಡಿದರೆ ಜೀನು ಕಿತ್ತವೂ ನಿಂತಿದ್ದವು.

"ಮೇಡಂ, ಏನೋ ಎಡವಟ್ಟಾಗಿದೆ."

ಮಾರ್ಗದರ್ಶಕಿ ಮೇಡಂ ಟೀ ಲೋಟ ಹಿಡಿದೇ ಬಂದು ನೋಡಿದರು. "ಎಡವಟ್ಟಲ್ಲಪ್ಪ. ಜೀನ್ ಇಲ್ದೇನೂ ನಿಂತಿವೆ ಅಂದ್ರೆ, ತಡೆಯೋಕೆ ಇನ್ನೊಂದು ಏನೋ ಇದೆ. ಹೊಸ ಶೋಧ. ಯಾರಿಗೂ ಹೇಳ್ಬೇಡ."

ಹೇಳುವ ಅಗತ್ಯ ಬೀಳಲಿಲ್ಲ. ಪಕ್ಕದ ಕೋಣೆಯಲ್ಲಿ ಇಲಿ ಸಾಕುವ ಇಲಿ ಮೇಷ್ಟ್ರ ಕಿವಿ ಸದಾ ಇತ್ತ ಕಡೆಗೇ ಇರುತ್ತಿತ್ತು. ಅರ್ಧ ಗಂಟೆಯಲ್ಲಿ ಬಂದು, "ನಾಲ್ಕಕ್ಕೆ ನಿರ್ದೇಶಕರು ನೋಡೋಕೆ ಬರ್ತಾರಂತೆ. ಅಂಗಿ ಬದಲಾಯಿಸ್ಕೊಳ್ಳಪ್ಪ," ಎಂದರು.

ಹುಳಿರಾಯ ಊಟಕ್ಕೂ ಹೋಗದೆ, ಹೋಲಿಸಿ ನೋಡಲೆಂದು ಇಟ್ಟಿದ್ದ ಮೂರನೆಯ ತಟ್ಟೆ ತೆಗೆದ. ಬೆಳಕನ್ನೇ ಕಾಣದ ಕೋಶಗಳು ಅದರಲ್ಲಿದ್ದವು. ಅವು ಇಷ್ಟರಲ್ಲಿ ದುಪ್ಪಟ್ಟಾಗಿರಬೇಕಿತ್ತು. ಅವೂ ನಿಂತಿದ್ದವು. ತಟ್ಟೆಗಳನ್ನಿಟ್ಟಿದ್ದ ಬಿಸಿಪೆಟ್ಟಿಗೆಯೊಳಗೆ ಕೈಯಿಟ್ಟರೆ ತಣ್ಣಗಿತ್ತು. ಅದರ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಅದು ಇರಬೇಕಿದ್ದ ಸಾಕೆಟ್ಟಿನಲ್ಲಿ ಮೇಡಂ ಟೀ ಕಾಯಿಸುವ ಕೆಟಲಿನ ಪ್ಲಗ್ಗು ಆರಾಮವಾಗಿ ಕೂತಿತ್ತು. ಕೋಶಗಳು ಯಾವ ಪೆಟ್ಟನ್ನೂ ಗುರುತಿಸಿರಲಿಲ್ಲ, ಎ.ಸಿ.ಯ ಚಳಿಗೆ ಮುದುಡಿದ್ದವು.

ಪ್ಲಗ್ಗು ಬದಲಾಯಿಸಿ ಮೇಡಂ ಬಳಿಗೆ ಓಡಿದ. ಅವರು ಫೋನಿನಲ್ಲಿ, "ಹೂಂ, ನಮ್ಮ ಹುಡುಗನೇ, ತುಂಬಾ ಚುರುಕು," ಎನ್ನುತ್ತಿದ್ದರು. ಇಷ್ಟು ವರ್ಷದಲ್ಲಿ ಕೇಳದ ಮಾತು. ಅವನು ಹಾಗೇ ವಾಪಸು ಬಂದ.

ನಾಲ್ಕಕ್ಕೆ ನಿರ್ದೇಶಕರು ಇಣುಕುವಷ್ಟರಲ್ಲಿ ಬೆಚ್ಚಗಾದ ಕೋಶಗಳು ಸರಿದಾರಿಗೆ ಬಂದಿದ್ದವು. ಆರೋಗ್ಯವಂತವು ನಿಂತಿದ್ದವು, ಜೀನು ಕಿತ್ತವು ಒಡೆಯುತ್ತಿದ್ದವು.

"ಇದು ಪುಸ್ತಕದಲ್ಲಿ ಇರೋದೇ ಅಲ್ವೇನ್ರೀ?" ಎಂದರು ನಿರ್ದೇಶಕರು.

ಕೆಟಲ್ ಯಾರದೆಂಬುದೊಂದನ್ನು ಬಿಟ್ಟು ಹುಳಿರಾಯ ನಡೆದದ್ದನ್ನೆಲ್ಲ ಹೇಳಿದ.

"ಮಧ್ಯೆ ಚಳೀಲಿ ಕೂತಿದ್ದ ಕೋಶ ಪ್ರಬಂಧಕ್ಕೂ ಆಗಲ್ಲ. ಮೊದಲಿಂದ ಮಾಡ್ಬೇಕು. ಅಂದ ಹಾಗೆ, ಕೆಟಲ್ ಯಾರದು?"

ಮೇಡಂ ಕಿಟಕಿಯಾಚೆ ನೋಡತೊಡಗಿದರು. ಅವರ ಸಹಿ ಇಲ್ಲದೆ ಪ್ರಬಂಧ ಮೇಜು ದಾಟುವುದಿಲ್ಲವೆಂದು ಹುಳಿರಾಯನಿಗೆ ಗೊತ್ತಿತ್ತು.

"ನಂದೇ ಸರ್."

"ಹಾಗಾದ್ರೆ, ಲ್ಯಾಬಲ್ಲಿ ಕೆಟಲ್ ಇಟ್ಟೋರು ನಿಯಮದ ಪ್ರಕಾರ ಒಂದು ತಿಂಗಳು ಒಳಗೆ ಕಾಲಿಡೋ ಹಾಗಿಲ್ಲ," ಎಂದು ನಿರ್ದೇಶಕರು ಹೊರಟುಹೋದರು.

ಮೆಟ್ಟಿಲಲ್ಲಿ ಇಲಿ ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟರು. "ಮೇಡಂದು ಅನ್ಬಾರದಿತ್ತಾ? ಆ ನಿಯಮ ಇರೋದು ವಿದ್ಯಾರ್ಥಿಗಳಿಗೆ ಮಾತ್ರ. ನಾವೆಲ್ಲ ದಿನಾ ಲ್ಯಾಬಲ್ಲೇ ಟೀ ಕಾಯಿಸೋದು."